ಕ ಭಾಷೆಯಿಂದ ಕ್ಲಿಂಗನ್‌ವರೆಗೆ: ಕಟ್ಟಿದ ನುಡಿಗೆ ಕ್ರಿಯಾಪದವೇ ಕಷ್ಟ

ದೊಡ್ಡವರಿಗೆ ತಿಳಿಯಬಾರದ ಸಂಗತಿ ಮಾತಾಡಲು ನಮ್ಮ ಮಕ್ಕಳಿಗೆ ಕ ಭಾಷೆ ಸಾಕು. ಪ್ರತಿ ಉಚ್ಚಾರದ ಮುಂದೆ ಒಂದು 'ಕ' ಸೇರಿಸುತ್ತಾ ಹೋದರೆ ಆಯಿತು. 'ನಾಳೆ ಬರ್ತೀಯಾ' ಅನ್ನುವುದು 'ಕನಾಕಳೆ ಕಬರ್‌ಕತೀಕಯಾ' ಆಗುತ್ತದೆ. ವೇಗವಾಗಿ ಹೇಳಿದರೆ ಪಕ್ಕದಲ್ಲಿ ಕೂತವರಿಗೂ ತಲೆಬುಡ ಹತ್ತುವುದಿಲ್ಲ. ಆದರೆ 'ಕ'ಗಳನ್ನು ಕಿತ್ತು ಹಾಕಿ ನೋಡಿ, ಕಾಲ ಕನ್ನಡದ್ದೇ, ಪುರುಷ ಕನ್ನಡದ್ದೇ, ಪ್ರಶ್ನೆಯ 'ಆ' ಕೂಡ ಕನ್ನಡದ್ದೇ. ಬದಲಾದದ್ದು ಸದ್ದು ಮಾತ್ರ.

ಹೊಸ ಭಾಷೆ ಕಟ್ಟಲು ಹೊರಡುವ ಬಹುಪಾಲು ಜನ ಗೊತ್ತಿಲ್ಲದೆ ಮಾಡುವುದೂ ಇದನ್ನೇ. ಅಕ್ಷರಮಾಲೆ ಹೊಸದು, ಪದಕೋಶ ಹೊಸದು, ಕ್ರಿಯಾಪದ ಮಾತ್ರ ಮನೆಯದು. ಈ ತೊಡಕಿಗೆ ಎಂಟುನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ನಮಗೆ ತಿಳಿದಿರುವ ಕಟ್ಟಿದ ಭಾಷೆಗಳಲ್ಲಿ ತೀರಾ ಹಳೆಯದು ಹನ್ನೆರಡನೇ ಶತಮಾನದ ಜರ್ಮನ್ ಸನ್ಯಾಸಿನಿ ಹಿಲ್ಡೆಗಾರ್ಡ್ ಅವರದು. 23 ಅಕ್ಷರಗಳ ಸ್ವಂತ ಲಿಪಿ, ಸಾವಿರದಷ್ಟು ಪದ. ದೇವರಿಂದ ಹಿಡಿದು ಮರ, ಹಕ್ಕಿ, ಹುಳುವಿನವರೆಗೆ ಹೆಸರುಗಳುಂಟು. ಆದರೆ ಅವು ಹೆಚ್ಚುಕಡಿಮೆ ಎಲ್ಲವೂ ನಾಮಪದಗಳೇ. ವಾಕ್ಯ ಮಾಡಬೇಕಾದಾಗ ಅವರು ಆ ಪದಗಳನ್ನು ಲ್ಯಾಟಿನ್ ವಾಕ್ಯದೊಳಗೆ ಕೂರಿಸಿದರು. ಬಾರದು, ಒಲ್ಲೆ, ಅರಿಯೆ ಅನ್ನುವುದಕ್ಕೆಲ್ಲ ಅಲ್ಲಿ ಜಾಗವೇ ಇಲ್ಲ. ಅದೇ ಶತಮಾನದಲ್ಲಿ ಇತ್ತ ಶಿಕಾರಿಪುರ ಸೀಮೆಯ ಬಳ್ಳಿಗಾವಿ, ಉಡುತಡಿಗಳಿಂದ ಹೊರಟ ವಚನಕಾರರು 'ಅರಿಯೆ', 'ಒಲ್ಲೆ' ಎಂಬ ಕ್ರಿಯಾಪದಗಳಲ್ಲೇ ಅನುಭಾವ ಕಟ್ಟುತ್ತಿದ್ದರು. ಈ ಮಾತಿಗೆ ಮತ್ತೆ ಬರೋಣ.

ಕ್ರಿಯಾಪದವನ್ನು ನಿಜವಾಗಿ ಕೈಗೆತ್ತಿಕೊಂಡವರು ಜರ್ಮನಿಯ ಪಾದ್ರಿ ಯೋಹಾನ್ ಮಾರ್ಟಿನ್ ಶ್ಲೆಯರ್. 1879-80ರಲ್ಲಿ ಹೊರಬಂದ ಅವರ ವೋಲಪ್ಯೂಕ್ ಲೋಕಕ್ಕೆಲ್ಲ ಒಂದೇ ಭಾಷೆ ಆಗಬೇಕಿತ್ತು. ಚೀನೀಯರಿಗೆ ಕಷ್ಟ ಎಂದು 'ರ'ವನ್ನು ಹೆಚ್ಚುಕಡಿಮೆ ಕೈಬಿಟ್ಟರು. ಆದರೆ ತುಟಿ ದುಂಡಗೆ ಮಾಡಿ 'ಎ', 'ಇ' ಎನ್ನಬೇಕಾದ ಜರ್ಮನ್ ಸ್ವರಗಳನ್ನು ಹಾಗೆಯೇ ಉಳಿಸಿಕೊಂಡರು. ಪರರ ನಾಲಿಗೆಯ ಕಷ್ಟ ಕಂಡಿತು, ತನ್ನ ನಾಲಿಗೆಯದು ಕಾಣಲಿಲ್ಲ. ಇದು ಶ್ಲೆಯರ್ ಒಬ್ಬರ ಕತೆಯಲ್ಲ.

ಕ್ರಿಯಾಪದದ ಏರ್ಪಾಡು ನೋಡಲು ಚೊಕ್ಕ. ಧಾತುವಿನ ಕೊನೆಗೆ ಪುರುಷ, ಮೊದಲಿಗೆ ಕಾಲ. ಪ್ರೀತಿಸು ಎಂಬ ಧಾತುವಿಗೆ 'ಓಬ್' ಹತ್ತಿದರೆ 'ನಾನು ಪ್ರೀತಿಸುತ್ತೇನೆ', 'ಓಲ್' ಹತ್ತಿದರೆ 'ನೀನು'. ಮೊದಲಿಗೆ 'ಓ' ಬಂದರೆ ಭವಿಷ್ಯ, 'ಇ' ಬಂದರೆ 'ಪ್ರೀತಿಸಿದ್ದೆ'. ಎಡವಟ್ಟು ಇರುವುದು ಉಳಿದ ಎರಡರಲ್ಲಿ. 'ಆ್ಯ' ಬಂದರೆ 'ಪ್ರೀತಿಸಿದೆ', 'ಎ' ಬಂದರೆ 'ಪ್ರೀತಿಸಿದ್ದೇನೆ'. ಬ್ಯಾಂಕನ್ನು ಬೆಂಕು ಎನ್ನುವ ನಾಲಿಗೆಗೆ ಈ ಎರಡು ಕಾಲಗಳ ನಡುವೆ ಗೋಡೆಯೇ ಇಲ್ಲ. ಸ್ವರ ಜಾರಿದರೆ ಕಾಲವೂ ಜಾರಿತು. ಧ್ವನಿ ಒಂದು ಅಧ್ಯಾಯ, ವ್ಯಾಕರಣ ಇನ್ನೊಂದು ಅಧ್ಯಾಯ ಎಂದು ಬೇರೆಬೇರೆಯಾಗಿ ಬರೆದು ಮುಗಿಸಿದವರಿಗೆಲ್ಲ ಆಗುವ ಅವಘಡ ಇದು.

1889ರ ಪ್ಯಾರಿಸ್ ಸಮ್ಮೇಳನ ಇಡಿಯಾಗಿ ವೋಲಪ್ಯೂಕ್‌ನಲ್ಲೇ ನಡೆಯಿತು. ಆ ಹೊತ್ತಿಗೆ ಚಳವಳಿಯ ಮುಂದಾಳು ಕೆರ್ಕ್‌ಹಾಫ್ಸ್ ಮುಂತಾದವರು ವ್ಯಾಕರಣದ ಭಾರ ಇಳಿಸಬೇಕು ಎಂದು ಪಟ್ಟು ಹಿಡಿದಿದ್ದರು, ಶ್ಲೆಯರ್ ಕೊನೆಯ ಮಾತು ತಮ್ಮದೇ ಎಂದರು. ಕೆಲವೇ ವರ್ಷದಲ್ಲಿ ಚಳವಳಿ ಚದುರಿಹೋಯಿತು.

ಅಷ್ಟರಲ್ಲಿ, 1887ರಲ್ಲಿ, ವಾರ್ಸಾದ ಕಣ್ಣಿನ ವೈದ್ಯ ಝಾಮೆನ್‌ಹಾಫ್ ಎಸ್ಪೆರಾಂಟೊ ಪ್ರಕಟಿಸಿದ್ದರು. ಇಲ್ಲಿ ಕ್ರಿಯಾಪದಕ್ಕೆ ಪುರುಷವೂ ಇಲ್ಲ, ವಚನವೂ ಇಲ್ಲ. 'ಆಸ್' ವರ್ತಮಾನ, 'ಇಸ್' ಭೂತ, 'ಓಸ್' ಭವಿಷ್ಯ. 'ಉಸ್' ಬಂದರೆ 'ಆಗುತ್ತಿತ್ತೇನೋ', ಬರೀ 'ಉ' ಬಂದರೆ ಆಜ್ಞೆ. ಆ, ಇ, ಓ ಬಾಯಿಯೊಳಗೆ ಒಂದಕ್ಕೊಂದು ದೂರ ದೂರ ಇರುವ ಸ್ವರಗಳು. ಗದ್ದಲದ ಸಂತೆಯಲ್ಲೂ ಕಲೆಸಿಹೋಗುವುದಿಲ್ಲ. ಎಸ್ಪೆರಾಂಟೊ ಬಾಳಿಕೆಗೆ ಬಂದದ್ದಕ್ಕೆ ಕಾರಣ ನೂರು ಹೇಳಬಹುದು, ನನ್ನ ಪ್ರಕಾರ ಈ ಮೂರು ಸ್ವರಗಳ ಆಯ್ಕೆಗೂ ಅದರಲ್ಲಿ ಪಾಲಿದೆ.

ಹಾಗೆಂದು ಅಲ್ಲಿ ತಾಯಿನುಡಿ ಇಣುಕಲಿಲ್ಲವೇ? ಐದು ಸ್ವರ, 23 ವ್ಯಂಜನಗಳ ಪಟ್ಟಿ ಅವರು ಹುಟ್ಟಿ ಬೆಳೆದ ಪೂರ್ವ ಯೂರೋಪಿನ ನೆರೆಹೊರೆಯದೇ. 'ತಿಳಿ' ಎಂಬ ಕ್ರಿಯಾಪದ ಶುರುವಾಗುವುದೇ 'ಸ್ತ್ಸಿ' ಎಂದು. ಸ್ಕೂಲಿಗೆ ಇಸ್ಕೂಲು ಎನ್ನುವವರು ಇದಕ್ಕೂ ಮುಂದೊಂದು 'ಇ' ಸೇರಿಸದೆ ಬಿಡುವುದಿಲ್ಲ. ಕೃದಂತಗಳಲ್ಲಂತೂ ದೊಡ್ಡ ಜಗಳವೇ ಎದ್ದಿತು. 'ಆತಾ' ಅಂದರೆ ಆಗುತ್ತಿರುವ, 'ಈತಾ' ಅಂದರೆ ಆಗಿರುವ. 'ನಾನು ಹುಟ್ಟಿದೆ' ಎನ್ನಲು ಯಾವುದು? ಜರ್ಮನ್ ಮನಸ್ಸಿನವರಿಗೆ ಒಂದು ಸರಿ ಕಂಡರೆ ಉಳಿದವರಿಗೆ ಇನ್ನೊಂದು. 1967ರಲ್ಲಿ ಎಸ್ಪೆರಾಂಟೊ ಅಕಾಡೆಮಿ 'ಈತಾ' ಪರ ತೀರ್ಪು ಕೊಡುವವರೆಗೂ ಪತ್ರ, ಪ್ರತಿಪತ್ರ ನಡೆದೇ ಇತ್ತು.

ಇಪ್ಪತ್ತನೇ ಶತಮಾನದಲ್ಲಿ ದಾರಿ ತಿರುಗಿತು. ಸುಲಭ ಬೇಡ, ಬೇರೆ ಬೇಕು ಎನ್ನುವವರು ಬಂದರು. ಸಿನಿಮಾದ ಅನ್ಯಗ್ರಹ ಯೋಧರಿಗಾಗಿ ಮಾರ್ಕ್ ಓಕ್ರಂಡ್ ಕಟ್ಟಿದ ಕ್ಲಿಂಗನ್‌ನ ನಿಘಂಟು 1985ರಲ್ಲಿ ಬಂತು. ಅದರಲ್ಲಿ 'ಡ' ಇದೆ, ಜೋಡಿ 'ಟ' ಇಲ್ಲ. ಗಂಟಲಿನ ಆಳದ ಸದ್ದುಗಳುಂಟು, ನಮ್ಮ ನಿಮ್ಮ 'ಕ', 'ಗ' ಇಲ್ಲವೇ ಇಲ್ಲ. ವರ್ಗಾಕ್ಷರಗಳ ಐದು ಸಾಲು ಬಾಯಿಪಾಠ ಮಾಡಿದ ಕನ್ನಡಿಗರಿಗೆ ಇದು ಮೆಟ್ಟಿಲು ತಪ್ಪಿದ ಏಣಿಯ ಹಾಗೆ. ಬೇಕೆಂದೇ ಹಾಗೆ ಮಾಡಿದ್ದು. ಭೂತ, ಭವಿಷ್ಯ ಎಂಬ ಕಾಲವೂ ಅಲ್ಲಿಲ್ಲ. ಕೆಲಸ ಮುಗಿಯಿತೇ, ನಡೆದಿದೆಯೇ ಎಂಬುದಕ್ಕಷ್ಟೇ ಪ್ರತ್ಯಯ. ಆದರೆ ಕ್ರಿಯಾಪದದ ಮುಂದೆ ಹತ್ತುವ 29 ಪೂರ್ವಪ್ರತ್ಯಯಗಳು ಯಾರು, ಯಾರನ್ನು ಎರಡನ್ನೂ ಒಟ್ಟಿಗೆ ಹೇಳುತ್ತವೆ. 'ವಿಲೆಘ್' ಎಂದರೆ ನಾನು ಅವನನ್ನು ನೋಡುತ್ತೇನೆ. 'ವಿ' ಜಾಗದಲ್ಲಿ ಗಂಟಲಾಳದ 'ಕ' ಬಂದರೆ ನಾನು ನಿನ್ನನ್ನು ನೋಡುತ್ತೇನೆ.

2009ರಲ್ಲಿ ಇನ್ನೊಂದು ಚಿತ್ರಕ್ಕೆ ಪಾಲ್ ಫ್ರಾಮರ್ ಕಟ್ಟಿದ ನಾವಿ ಭಾಷೆ ಕಾಲವನ್ನು ಧಾತುವಿನ ಹೊಟ್ಟೆಯೊಳಗೇ ಇಟ್ಟಿತು. 'ತರೋನ್' ಎಂದರೆ ಬೇಟೆಯಾಡು, 'ತಮರೋನ್' ಬೇಟೆಯಾಡಿದ, 'ತಿಮರೋನ್' ಈಗಷ್ಟೇ ಬೇಟೆಯಾಡಿದ. ಕನ್ನಡದಲ್ಲಿ ಇಂಥ ನಡುಪ್ರತ್ಯಯ ಇಲ್ಲ. ಆದರೆ ಭೂತದಲ್ಲೇ ಎರಡು ಬಗೆ ಎಂಬುದನ್ನು ನೋಡಲು ಅನ್ಯಗ್ರಹಕ್ಕೆ ಹೋಗಬೇಕಿಲ್ಲ, ಆಗುಂಬೆ ಘಾಟಿ ಇಳಿದರೆ ಸಾಕು. ತುಳುವಿನಲ್ಲಿ 'ಬತ್ತೆ' (ಬಂದೆ) ಬೇರೆ, 'ಬೈದೆ' (ಬಂದಿದ್ದೇನೆ) ಬೇರೆ. ಸಾಗರ, ಹೊಸನಗರದ ಹವ್ಯಕರ ಮನೆಗಳಲ್ಲಿ 'ಅತ್ತೆ ಬಂತು' ಅನ್ನುತ್ತಾರೆ. ಅಲ್ಲಿ ಹೆಂಗಸಿಗೂ ಕರುವಿಗೂ ಕ್ರಿಯಾಪದದ ಕೊನೆ ಒಂದೇ, ಅಗೌರವದ ಪ್ರಶ್ನೆಯೇ ಇಲ್ಲ. ಲಿಂಗವನ್ನು ಹೇಗೆ ಹಂಚಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಈಗ 'ಅರಿಯೆ'ಗೆ ಬರೋಣ. ಹಳೆಯ ಕನ್ನಡದ ಕ್ರಿಯಾಪದ ಮೂರು ತುಂಡು: ಧಾತು, ಕಾಲ, ಪುರುಷ. 'ಮಾಡಿದೆನು' ಎಂಬಲ್ಲಿ ನಡುವೆ 'ದ', 'ಮಾಡುವೆನು' ಎಂಬಲ್ಲಿ ನಡುವೆ 'ವ'. 'ಮಾಡೆನು' ಎಂಬಲ್ಲಿ? ನಡುವೆ ಏನೂ ಇಲ್ಲ. ಕಾಲದ ಗುರುತನ್ನು ಕಿತ್ತರೆ ನಿಷೇಧ. ಮಾಡಲಿಲ್ಲ, ಮಾಡುವುದಿಲ್ಲ, ಮಾಡಲಾರೆ ಎಲ್ಲಕ್ಕೂ ಅದೊಂದೇ. ಅಲ್ಲಿ ಹಿಂದೆ ಒಂದು 'ಅ' ಇದ್ದು ಸೇರಿಹೋಯಿತು ಎಂಬ ವಾದವೂ ಇದೆ, ಇರಲಿ. ಆಗದು, ಸಾಲದು, ಕೂಡದು ಎಂದು ಇವತ್ತೂ ಅದನ್ನು ಬಳಸುತ್ತಲೇ ಇದ್ದೇವೆ. ಇಷ್ಟು ವಿಚಿತ್ರವಾದ ನಿಷೇಧವನ್ನು ಯಾರಾದರೂ ಕುಳಿತು ಕಲ್ಪಿಸಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಬಳ್ಳಿಗಾವಿಯ ಶಾಸನಗಳ ಕಾಲದ ಕನ್ನಡದಲ್ಲಿ ೞ, ಱ ಇನ್ನೂ ಇದ್ದವು, 'ಪ' ಮೆಲ್ಲಗೆ 'ಹ' ಆಗುತ್ತಿತ್ತು. ಪಾಲು ಹಾಲಾಯಿತು, ಪೋಗು ಹೋಗು ಆಯಿತು. ಪತ್ತು ಹತ್ತಾಯಿತು, ಆದರೆ ಇಪ್ಪತ್ತು, ಎಪ್ಪತ್ತುಗಳೊಳಗೆ ಅದೇ 'ಪ' ಒತ್ತಾಗಿ ಅಡಗಿ ಉಳಿಯಿತು. ಭಾಷೆ ಕಟ್ಟುವವರು ಕದಿಯಬೇಕಾದದ್ದು ಈ ವಿಧಾನವನ್ನು. ಇವತ್ತಿನ ರೂಪಗಳನ್ನು ನೇರವಾಗಿ ಕಲ್ಪಿಸಬೇಡಿ, ಒಂದು ಹಳೆಯ ರೂಪ ಮಾಡಿ, ನಾಲ್ಕಾರು ಧ್ವನಿನಿಯಮ ಹಾಯಿಸಿ.

ಒಂದು ಕಲ್ಪಿತ ಕ್ರಿಯಾಪದ ಹಿಡಿದು ನೋಡೋಣ. ಹಳೆಯ ಧಾತು 'ಪೆಲ', ಅರ್ಥ ನಡೆ. 'ಕು' ಭೂತಕಾಲ, 'ನಿ' ಎಂದರೆ ನಾನು, ಮುಂದೆ 'ತ' ಬಂದರೆ ನಿಷೇಧ. ನಡೆಯುತ್ತೇನೆ ಎನ್ನಲು 'ಪೆಲನಿ', ನಡೆದೆ ಎನ್ನಲು 'ಪೆಲಕುನಿ', ನಡೆಯುವುದಿಲ್ಲ ಎನ್ನಲು 'ತಪೆಲನಿ'. ನಿಯಮ ಮೂರೇ. ಒಂದು, ಪದದ ಮೊದಲ 'ಪ' 'ಹ' ಆಗುತ್ತದೆ. ಎರಡು, ಮೂರನೇ ಉಚ್ಚಾರ ಕೊನೆಯದಲ್ಲದಿದ್ದರೆ ಅದರ ಸ್ವರ ಬೀಳುತ್ತದೆ. ಮೂರು, 'ಕ್ನ' ಬಂದಲ್ಲಿ 'ನ್ನ' ಆಗುತ್ತದೆ.

ವರ್ತಮಾನ 'ಹೆಲನಿ'. ಭೂತ ಮೊದಲು 'ಹೆಲಕುನಿ', ಆಮೇಲೆ 'ಹೆಲಕ್ನಿ', ಕೊನೆಗೆ 'ಹೆಲನ್ನಿ'. ನಿಷೇಧದಲ್ಲಿ 'ಪ' ಮೊದಲಿಗಿಲ್ಲ, ಹಾಗಾಗಿ ಉಳಿಯಿತು, 'ಲ'ದ ಸ್ವರ ಬಿತ್ತು: 'ತಪೆಲ್ನಿ'. ಹೆಲನಿ, ತಪೆಲ್ನಿ. ಯಾರೂ ಅಪವಾದ ಬರೆಯದೆಯೇ ಹತ್ತು-ಇಪ್ಪತ್ತಿನಂಥ ಸಹಜ ಅಪವಾದ ಹುಟ್ಟಿಕೊಂಡಿತು. ಸಾಲು ತಪ್ಪಿಸಿ ಮೂರನೇ ನಿಯಮವನ್ನು ಎರಡಕ್ಕೆ ಮೊದಲು ಹಾಯಿಸಿದರೆ 'ಕ್ನ' ಆಗ ಇನ್ನೂ ಹುಟ್ಟಿಯೇ ಇರುವುದಿಲ್ಲ, ಭೂತ 'ಹೆಲಕ್ನಿ'ಯಲ್ಲೇ ನಿಲ್ಲುತ್ತದೆ. ಆದ್ದರಿಂದ ನಿಯಮಗಳಿಗೆ ಅಂಕಿ ಹಾಕಿ, ಹೊಸ ಧಾತು ಬಂದಾಗಲೆಲ್ಲ ಅದೇ ಸಾಲಿನಲ್ಲಿ ಹಾಯಿಸಬೇಕು.

ಹೆಲನಿ, ಹೆಲನ್ನಿಗಳ ನಡುವೆ ಈಗ ಉಳಿದದ್ದು ಒಂದು ಒತ್ತು ಮಾತ್ರ. ಕತೆ, ಕತ್ತೆ ಬೇರೆ ಮಾಡುವ ನಮ್ಮ ಕಿವಿಗೆ ಅದು ಸಾಕು. ಸದ್ದು ಮೆದುವಾಗಲಿ ಎಂದು ಒತ್ತಕ್ಷರ ಬಿಡಿಸುವ ನಾಲ್ಕನೇ ನಿಯಮ ತಂದಿರೋ, ನಡೆಯುತ್ತೇನೆಯೂ ನಡೆದೆಯೂ ಒಂದೇ ಆಗುತ್ತವೆ. ಆಗ ಆ ನಿಯಮವನ್ನು ರದ್ದು ಮಾಡುವುದಲ್ಲ. ಜೀವಂತ ಭಾಷೆ ಮಾಡುವಂತೆ ಮುಗಿ, ಇಡು, ಬಿಡುಗಳಂಥ ಯಾವುದಾದರೂ ಧಾತುವನ್ನು ಪಕ್ಕಕ್ಕೆ ತಂದು ನಿಲ್ಲಿಸಿ ಭೂತವನ್ನು ಮತ್ತೆ ಕಟ್ಟಬೇಕು. ರೋಚಕ ವ್ಯಾಕರಣ ಹುಟ್ಟುವುದು ಇಂಥ ರಿಪೇರಿಯಲ್ಲೇ.

ಇಷ್ಟಾದ ಮೇಲೂ ಕ ಭಾಷೆ ಒಳಗೆ ಉಳಿದಿದೆಯೇ ಎಂದು ನೋಡಲು ಒಂದೇ ವಾಕ್ಯ ಸಾಕು: 'ಅಡಿಕೆ ಸುಲಿದು ಮುಗಿಸಿಬಿಟ್ಟರೆ ಬರ್ತೀನಿ ಅಂತ ಹೇಳಿದ.' ಇದರಲ್ಲಿ 'ಸುಲಿದು' ಎಂಬ ಅಪೂರ್ಣ ಕ್ರಿಯೆ ಇದೆ, ಏನನ್ನೂ ಬಿಡದ 'ಬಿಡು' ಇದೆ, 'ರೆ' ಇದೆ, 'ಅಂತ' ಇದೆ, ಕ್ರಿಯಾಪದ ಕಟ್ಟಕಡೆಗೆ ಕೂತಿದೆ. ನಿಮ್ಮ ಭಾಷೆಗೆ ತಂದಾಗ ಐದೂ ಅದೇ ಸಾಲಿನಲ್ಲಿ ಐದು ತುಂಡಾಗಿ ಬಂದರೆ ಕಟ್ಟಿದ್ದು ಪದಕೋಶ ಅಷ್ಟೇ. ಎರಡಾದರೂ ಬೇರೆ ದಾರಿ ಹಿಡಿಯಬೇಕು. ಕ್ಲಿಂಗನ್‌ನಲ್ಲಾದರೆ 'ಅವನು ಹೇಳಿದ' ಒಂದು ಪೂರ್ಣ ವಾಕ್ಯ, 'ಬರುತ್ತೇನೆ' ಪಕ್ಕದಲ್ಲಿ ಇನ್ನೊಂದು. 'ಅಂತ' ಬೇಕಾಗುವುದೇ ಇಲ್ಲ.

ಪರೀಕ್ಷೆಯನ್ನು ಕಾಗದದ ಮೇಲೆ ಮುಗಿಸಬಾರದು. ಕನ್ನಡ ಲಿಪಿಯಲ್ಲಿ ತುಳು ಬರೆದಾಗ 'ಯಾನ್ ಪೋಯೆ', 'ಆಯೆ ಪೋಯೆ' ಎರಡರ ಕೊನೆಯೂ ಒಂದೇ ಥರ ಕಾಣುತ್ತದೆ. ಬಾಯಲ್ಲಿ ನಾನು ಹೋದದ್ದಕ್ಕೆ ತೆರೆದ, 'ಆ್ಯ'ಗೆ ಹತ್ತಿರದ 'ಎ', ಅವನು ಹೋದದ್ದಕ್ಕೆ ಮುಚ್ಚಿದ 'ಎ'. ಶ್ಲೆಯರ್ ಪ್ರತ್ಯಯಗಳಲ್ಲಿ ಕನ್ನಡದ ಕಿವಿ ಎಡವುವ ಅಂತರವೇ ಇದು, ತುಳುವರು ಅದನ್ನು ದಿನವೂ ಲೀಲಾಜಾಲವಾಗಿ ದಾಟುತ್ತಾರೆ. ಆದ್ದರಿಂದ ಇಪ್ಪತ್ತು ಕ್ರಿಯಾರೂಪಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದದ್ದನ್ನು ತೋರಿಸದೆ ಕೇಳಿಸಿ, ತಿರುಗಿ ಹೇಳಿಸಬೇಕು. ಒಬ್ಬರು ಘಾಟಿ ಮೇಲಿನವರು, ಒಬ್ಬರು ಕೆಳಗಿನವರು ಇದ್ದರೆ ಒಳ್ಳೆಯದು. ಮೇಲಿನವರ ಬಾಯಲ್ಲಿ ಒಂದಾಗಿ, ಕೆಳಗಿನವರ ಬಾಯಲ್ಲಿ ಎರಡಾಗಿ ಉಳಿಯುವ ರೂಪಗಳನ್ನು ಗುರುತು ಹಾಕಿಕೊಂಡರೆ ಮುಂದಿನ ಧ್ವನಿನಿಯಮ ಎಲ್ಲಿ ಬೀಳಬೇಕೆಂಬುದು ಅಲ್ಲೇ ಸಿಗುತ್ತದೆ.