ಗ್ರಾಫ್ ನೇರವಾಗಿದೆ, ಆದರೆ ಸೊನ್ನೆಯಿಂದ ಹೊರಡುತ್ತಿಲ್ಲ: ಪ್ರಯೋಗ ತಪ್ಪಾಯಿತೇ?

ಪ್ರಶ್ನೆ: ಸರಳ ಲೋಲಕದ (ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡು) ಪ್ರಯೋಗ ಮಾಡಿ, ದಾರದ ಉದ್ದಕ್ಕೂ ಆವರ್ತಕಾಲದ (ಒಂದು ಪೂರ್ತಿ ತೂಗಾಟಕ್ಕೆ ಹಿಡಿಯುವ ಸಮಯ) ವರ್ಗಕ್ಕೂ ಗ್ರಾಫ್ ಹಾಕಿದೆ. ಬಿಂದುಗಳೆಲ್ಲ ಒಂದೇ ಗೆರೆಯ ಮೇಲೆ ಕೂತಿವೆ. ಆದರೆ ಗೆರೆ ಮೂಲಬಿಂದುವಿಗಿಂತ ಸ್ವಲ್ಪ ಮೇಲೆ ಹಾದುಹೋಗುತ್ತಿದೆ. ಇವೆರಡೂ ನೇರ ಅನುಪಾತದಲ್ಲಿರುತ್ತವೆ ಎಂದು ಪುಸ್ತಕದಲ್ಲಿದೆ. ಗೆರೆಯನ್ನು ಸೊನ್ನೆಗೆ ಸೇರಿಸಿ ಎಳೆದುಬಿಡಲೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಗ್ರಾಫಿನಲ್ಲಿ ನಿಮಗೆ ಹೊಸದೇನನ್ನಾದರೂ ಹೇಳುತ್ತಿರುವುದು ಆ ಚಿಕ್ಕ ಅಂತರವೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗ್ರಾಫ್ ಸರಳರೇಖೆಯಾಗಿ ಬಂದರೆ ಅದು ನೇರ ಅನುಪಾತ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಅಷ್ಟು ಸಾಲದು. ನೇರ ಅನುಪಾತ ಎನ್ನಬೇಕಾದರೆ ಒಂದು ಎರಡರಷ್ಟಾದಾಗ ಇನ್ನೊಂದೂ ಎರಡರಷ್ಟಾಗಬೇಕು, ಒಂದು ಸೊನ್ನೆಯಾದಾಗ ಇನ್ನೊಂದೂ ಸೊನ್ನೆಯಾಗಬೇಕು. ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನೇ ನೋಡಿ. ತುಂಬಿದಾಗ ಅದರಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ. ಖಾಲಿ ಸಿಲಿಂಡರಿನ ತೂಕ ಸುಮಾರು 15–16 ಕೆ.ಜಿ. ಅನಿಲ ಕಡಿಮೆಯಾದಂತೆ ಒಟ್ಟು ತೂಕವೂ ಸಮನಾಗಿ ಇಳಿಯುತ್ತದೆ, ಗ್ರಾಫ್ ಹಾಕಿದರೆ ಅಚ್ಚುಕಟ್ಟಾದ ಸರಳರೇಖೆ. ಆದರೂ ಅನಿಲ ಅರ್ಧವಾದಾಗ ತೂಕ ಅರ್ಧವಾಗುವುದಿಲ್ಲ. ಗೆರೆ ಅಕ್ಷವನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿ ಖಾಲಿ ಸಿಲಿಂಡರಿನ ತೂಕ ಸಿಗುತ್ತದೆ.

ಈಗ ನಿಮ್ಮ ಲೋಲಕಕ್ಕೆ ಬರೋಣ. ಲೋಲಕದ ಉದ್ದ ಎಂದರೆ ತೂಗುಹಾಕಿದ ಬಿಂದುವಿನಿಂದ ಗುಂಡಿನ ಕೇಂದ್ರದವರೆಗಿನ ದೂರ. ನೀವು ಅಳೆದದ್ದು ದಾರವನ್ನು ಮಾತ್ರ. ಗುಂಡಿನ ಕೊಕ್ಕೆ, ಅದರ ಕೆಳಗೆ ಗುಂಡಿನ ತ್ರಿಜ್ಯ, ಇವು ಲೆಕ್ಕಕ್ಕೆ ಬರಲೇ ಇಲ್ಲ. ಇವೆರಡೂ ಸೇರಿ 2 ಸೆಂ.ಮೀ. ಎಂದುಕೊಳ್ಳಿ. ಆಗ ದಾರ 40 ಸೆಂ.ಮೀ. ಇದ್ದಾಗ ಆವರ್ತಕಾಲದ ವರ್ಗ ಸುಮಾರು 1.69, 80 ಸೆಂ.ಮೀ. ಇದ್ದಾಗ ಸುಮಾರು 3.30 ಬರಬೇಕು (ಎರಡೂ ಸೆಕೆಂಡಿನ ವರ್ಗದಲ್ಲಿ). ದಾರ ಎರಡರಷ್ಟಾಯಿತು, ಆದರೆ 1.69ರ ಎರಡರಷ್ಟು 3.38.

ಈ ಅಂಕಿಗಳಿಂದ ಗುರುತ್ವ ವೇಗೋತ್ಕರ್ಷವನ್ನು, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು, ಎರಡು ದಾರಿಯಲ್ಲಿ ಕಂಡುಹಿಡಿಯೋಣ. ಮೊದಲ ದಾರಿಯಲ್ಲಿ, ಲೋಲಕದ ಸೂತ್ರದಂತೆ, 4π²ಅನ್ನು ದಾರದ ಉದ್ದದಿಂದ ಗುಣಿಸಿ ಆವರ್ತಕಾಲದ ವರ್ಗದಿಂದ ಭಾಗಿಸಿ. 40 ಸೆಂ.ಮೀ.ಗೆ 934 ಬರುತ್ತದೆ, 80ಕ್ಕೆ 957. ಎರಡೂ ತಪ್ಪು, ಒಂದಕ್ಕೊಂದು ಹೊಂದುವುದೂ ಇಲ್ಲ. ಎರಡನೆಯ ದಾರಿಯಲ್ಲಿ ವ್ಯತ್ಯಾಸಗಳನ್ನು ಹಿಡಿಯಿರಿ: 3.30ರಲ್ಲಿ 1.69 ಕಳೆದು 40ರಿಂದ ಭಾಗಿಸಿದರೆ ಗೆರೆಯ ಇಳಿಜಾರು 0.04025. 4π²ಅನ್ನು ಇದರಿಂದ ಭಾಗಿಸಿದರೆ ಸಿಗುವುದು ಸೆಕೆಂಡಿನ ವರ್ಗಕ್ಕೆ ಸುಮಾರು 981 ಸೆಂ.ಮೀ. ಸರಿಯಾದ ಉತ್ತರ! ಬಿಟ್ಟುಹೋದ 2 ಸೆಂ.ಮೀ. ಎರಡೂ ಅಳತೆಗಳಲ್ಲಿ ಒಂದೇ ಆಗಿದ್ದರಿಂದ, ಕಳೆಯುವಾಗ ಅದು ತಾನಾಗಿಯೇ ಹೊರಟುಹೋಯಿತು. ನೀವು ಗೆರೆಯನ್ನು ಬಲವಂತವಾಗಿ ಸೊನ್ನೆಗೆ ಎಳೆದಿದ್ದರೆ ಇಳಿಜಾರು ಕೆಡುತ್ತಿತ್ತು, ಅದರ ಜೊತೆಗೆ ಉತ್ತರವೂ.

ಇನ್ನೂ ಒಂದು ಲಾಭವಿದೆ. ಗೆರೆಯನ್ನು ಹಿಂದಕ್ಕೆ ಬೆಳೆಸಿದರೆ ಅದು ಉದ್ದದ ಅಕ್ಷವನ್ನು −2 ಸೆಂ.ಮೀ.ನಲ್ಲಿ ಕತ್ತರಿಸುತ್ತದೆ. ಗುಂಡನ್ನು ಮುಟ್ಟದೆ, ಸ್ಕೇಲು ಹಿಡಿಯದೆ, ಅದರ ಕೇಂದ್ರ ಎಲ್ಲಿದೆ ಎಂದು ಗ್ರಾಫೇ ಹೇಳಿತು. ನನಗೆ ಇದು ಇಡೀ ಪ್ರಯೋಗದ ಅತ್ಯಂತ ಸೊಗಸಾದ ಭಾಗ. ಪ್ರಯೋಗದ ರೆಕಾರ್ಡಿನಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಇರುವುದಿಲ್ಲ ಎಂಬುದು ಬೇಸರದ ಸಂಗತಿ.

ಸೊನ್ನೆಗೆ ಸೇರದ ಇಂಥದೇ ಗೆರೆಯೊಂದು ಭೌತಶಾಸ್ತ್ರಕ್ಕೆ ದೊಡ್ಡ ದಾರಿಯನ್ನೇ ತೋರಿಸಿತು. ಒತ್ತಡ ಬದಲಾಗದಂತೆ ಅನಿಲವನ್ನು ಕಾಯಿಸಿದರೆ ಅದರ ಗಾತ್ರ ಸಮನಾಗಿ ಹಿಗ್ಗುತ್ತದೆ ಎಂದು ಫ್ರಾನ್ಸಿನ ಗೇ-ಲುಸಾಕ್ 1802ರಲ್ಲಿ ಪ್ರಕಟಿಸಿದ. ಗಾತ್ರಕ್ಕೂ ಸೆಲ್ಸಿಯಸ್ ತಾಪಕ್ಕೂ ಗ್ರಾಫ್ ಹಾಕಿದರೆ ಸರಳರೇಖೆಯೇ ಬರುತ್ತದೆ, ಆದರೆ ಅನುಪಾತವಿಲ್ಲ. 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಿದರೆ ಗಾತ್ರ ಹೆಚ್ಚುವುದು ಶೇ. 7ರಷ್ಟು ಮಾತ್ರ. ಗೆರೆಯನ್ನು ಹಿಂದಕ್ಕೆ ಬೆಳೆಸುತ್ತಾ ಹೋದರೆ ಗಾತ್ರ ಸೊನ್ನೆಯಾಗುವ ಜಾಗ −273.15 ಡಿಗ್ರಿ. ನಿಜವಾದ ಅನಿಲ ಅಷ್ಟು ತಣ್ಣಗಾಗುವ ಮೊದಲೇ ದ್ರವವಾಗಿಬಿಡುತ್ತದೆ, ಆದರೂ ಆ ಬಿಂದುವಿಗೆ ಅರ್ಥವಿದೆ. ಪರಮ ತಾಪಮಾನದ (ಸಾಧ್ಯವಿರುವ ಅತಿ ಕಡಿಮೆ ತಾಪದಿಂದ ಎಣಿಸುವ) ಮಾಪಕವೊಂದು ಬೇಕೆಂದು 1848ರಲ್ಲಿ ಪ್ರಸ್ತಾಪಿಸಿದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಇಂದು ನಾವು ಬಳಸುವ ಕೆಲ್ವಿನ್ ಮಾಪಕದ ಸೊನ್ನೆ ಇರುವುದು ಅಲ್ಲೇ. ಅಲ್ಲಿಂದ ಎಣಿಸಿದರೆ ಗಾತ್ರವೂ ತಾಪವೂ ನೇರ ಅನುಪಾತಕ್ಕೆ ಬರುತ್ತವೆ.

ವಿಲೋಮ ಅನುಪಾತದಲ್ಲೂ ಇದೇ ಬಗೆಯ ಎಡವಟ್ಟು ಆಗುತ್ತದೆ. ಒಂದು ಏರಿದಂತೆ ಇನ್ನೊಂದು ಇಳಿದರೆ ಸಾಕು, ವಿಲೋಮ ಎಂದು ಬರೆದುಬಿಡುತ್ತಾರೆ. ಮೇಲಕ್ಕೆಸೆದ ಚೆಂಡಿನ ವೇಗ ಸಮಯ ಕಳೆದಂತೆ ಇಳಿಯುತ್ತದೆ, ಆದರೆ ಅದು ವಿಲೋಮ ಅನುಪಾತವಲ್ಲ, ಕೆಳಗಿಳಿಯುವ ಸರಳರೇಖೆ. ವಿಲೋಮದಲ್ಲಿ ಎರಡರ ಗುಣಲಬ್ಧ ಬದಲಾಗಬಾರದು. ತಾಪ ಸ್ಥಿರವಾಗಿದ್ದಾಗ ಅನಿಲದ ಒತ್ತಡ ಮತ್ತು ಗಾತ್ರ ಹಾಗಿರುತ್ತವೆ ಎಂದು ಬಾಯ್ಲ್ 1662ರಲ್ಲಿ ತೋರಿಸಿದ. ಅಲ್ಲಿ ಬರುವುದು ವಕ್ರರೇಖೆ.

ಕೊನೆಗೆ ನಿಮ್ಮ ಹಾಳೆಯಲ್ಲೇ ನೋಡಬೇಕಾದ ಒಂದು ವಿಷಯ. ಹಾಳೆ ಪೂರ್ತಿ ಬಳಸಲೆಂದು ಅಕ್ಷವನ್ನು 30 ಸೆಂ.ಮೀ.ನಿಂದ ಶುರುಮಾಡಿದ್ದರೆ, ಎಡಮೂಲೆ ಮೂಲಬಿಂದುವೇ ಅಲ್ಲ. ಗೆರೆ ಅಲ್ಲಿಗೆ ಬಂದರೂ ಬಾರದಿದ್ದರೂ ಅದರಿಂದ ಏನೂ ತಿಳಿಯುವುದಿಲ್ಲ. ಎರಡೂ ಅಕ್ಷಗಳನ್ನು ಸೊನ್ನೆಯಿಂದ ಗುರುತಿಸಿ, ಎಡಕ್ಕೆ ನಾಲ್ಕಾರು ಸೆಂ.ಮೀ. ಉದ್ದಕ್ಕೆ ಜಾಗ ಬಿಟ್ಟು ಮತ್ತೊಮ್ಮೆ ಹಾಕಿ. ಗೆರೆ ಕತ್ತರಿಸಿದ ಜಾಗವನ್ನು ಓದಿಕೊಂಡು, ಆಮೇಲೆ ಗುಂಡಿನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸ್‌ನಲ್ಲೂ ಕೊಕ್ಕೆಯನ್ನು ಸ್ಕೇಲಿನಲ್ಲೂ ಅಳೆದು ತಾಳೆ ನೋಡಿ.