ಬಿಯರ್ ಎಷ್ಟಾದರೆ ಜಾಸ್ತಿ? (ಜೊತೆಗೆ, ಮತ್ತೆ ಅದೇ ಕಿಡ್ನಿ ಕಲ್ಲಿನ ಕಥೆ)

ಪ್ರಶ್ನೆ: “ಸರ್, ನಾನು ಹಾಟ್ ಮುಟ್ಟಲ್ಲ. ಬರೀ ಬಿಯರ್. ದಿನಾ ಸಂಜೆ ಒಂದು ಬಾಟಲಿ, ಅಷ್ಟೇ. ಕಿಡ್ನಿಗೂ ಒಳ್ಳೇದು ಅಂತಾರೆ. ಇದೇನು ಜಾಸ್ತಿ ಅಲ್ಲ ಅಲ್ವಾ?”

ಕೊನೆಯ ಆ ‘ಅಲ್ವಾ’ ನೋಡಿ. ಕೇಳಿದವರು ಉತ್ತರವನ್ನು ತಾವೇ ಬರೆದುಕೊಂಡು ಬಂದಿದ್ದಾರೆ. ಕೆಳಗೆ ನನ್ನದೊಂದು ಸಹಿ ಬೇಕು, ಅಷ್ಟೆ. ಹೆಸರು ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ, ಪ್ರಶ್ನೆ ಮಾತ್ರ ವರ್ಷಗಳಿಂದ ಇದೇ. ಸಹಿ ಹಾಕುವುದಿಲ್ಲ. ಆದರೆ ಈ ಸಲ ಒಂದೇ ಸಾರಿ ಕೂತು ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ತೋರಿಸಬಹುದು.

ಮೊದಲು ಸಣ್ಣ ಉತ್ತರ. ‘ಇಲ್ಲಿಯವರೆಗೆ ಕುಡಿದರೆ ಏನೂ ಆಗಲ್ಲ’ ಎಂಬ ಗೆರೆ ಆಲ್ಕೋಹಾಲ್‌ಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಇದನ್ನು ಸುತ್ತುಬಳಸದೆ ಹೇಳಿತು. ಅದರ ಕ್ಯಾನ್ಸರ್ ಸಂಶೋಧನಾ ವಿಭಾಗ 1987ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. ತಂಬಾಕು ಇರುವ ಗುಂಪು ಅದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ: ಕಡಿಮೆ ಎಂದರೂ ಈ ಏಳು ಕಡೆಯ ಕ್ಯಾನ್ಸರ್‌ಗಳಿಗೆ ಮದ್ಯದ ನಂಟಿದೆ. ಆ ಮದ್ಯ ಬಿಯರ್ ಬಾಟಲಿಯಿಂದ ಬಂತೋ ವಿಸ್ಕಿ ಬಾಟಲಿಯಿಂದ ಬಂತೋ ಎಂದು ದೇಹ ವಿಚಾರಿಸುವುದಿಲ್ಲ.

ಹಾಗಂತ ಒಂದು ಗ್ಲಾಸಿಗೂ ನಾಲ್ಕು ಬಾಟಲಿಗೂ ಒಂದೇ ಅಪಾಯ ಎಂದಲ್ಲ. ಹೆಚ್ಚು ಹೋದಷ್ಟೂ ಅಪಾಯ ಏರುತ್ತದೆ. ಅದಕ್ಕೇ ಕೆಲವು ದೇಶಗಳು ‘ಕುಡಿಯುವುದೇ ಆದರೆ ಇದನ್ನು ದಾಟಬೇಡಿ’ ಎಂದು ಮಿತಿ ಹಾಕಿವೆ. ಬ್ರಿಟನ್ 2016ರಲ್ಲಿ ಗಂಡಸರಿಗೂ ಹೆಂಗಸರಿಗೂ ವಾರಕ್ಕೆ 14 ಯೂನಿಟ್ ಎಂದಿತು. ಅಲ್ಲಿ ಒಂದು ಯೂನಿಟ್ ಅಂದರೆ 8 ಗ್ರಾಂ ಶುದ್ಧ ಆಲ್ಕೋಹಾಲ್. ಅಂದರೆ ವಾರಕ್ಕೆ 112 ಗ್ರಾಂ. ಆಸ್ಟ್ರೇಲಿಯಾ 2020ರಲ್ಲಿ ವಾರಕ್ಕೆ 100 ಗ್ರಾಂ ಎಂದಿತು, ಯಾವ ದಿನವೂ 40 ಗ್ರಾಂ ದಾಟಬಾರದು ಎಂದೂ ಸೇರಿಸಿತು.

ಈಗ ನಿಮ್ಮ ಬಾಟಲಿಯನ್ನು ಗ್ರಾಂಗೆ ಇಳಿಸೋಣ. ಇದು ನನಗೆ ಇಷ್ಟದ ಭಾಗ. ಕ್ಲಾಸಿನಲ್ಲಿ ಈ ಲೆಕ್ಕ ಬೋರ್ಡ್ ಮೇಲೆ ಹಾಕಿದಾಗ ಕೊನೆಯ ಬೆಂಚಿನವರೂ ತಲೆ ಎತ್ತುತ್ತಿದ್ದರು. ಬಾಟಲಿ ಎಷ್ಟು ಮಿ.ಲೀ. ಎಂದು ನೋಡಿ. ಲೇಬಲ್ ಮೇಲಿರುವ ಶೇಕಡಾವಾರಿನಿಂದ ಗುಣಿಸಿ, ನೂರರಿಂದ ಭಾಗಿಸಿ, ಮತ್ತೆ 0.79ರಿಂದ ಗುಣಿಸಿ. ಆಲ್ಕೋಹಾಲ್ ನೀರಿಗಿಂತ ಹಗುರ, ಅದಕ್ಕೆ ಈ 0.79. 650 ಮಿ.ಲೀ. ಬಾಟಲಿಯಲ್ಲಿ ಶೇ. 5ರ ಮೈಲ್ಡ್ ಬಿಯರ್ ಇದ್ದರೆ ಸುಮಾರು 26 ಗ್ರಾಂ. ಅದೇ ಬಾಟಲಿಯಲ್ಲಿ ಶೇ. 8ರ ಸ್ಟ್ರಾಂಗ್ ಇದ್ದರೆ 41 ಗ್ರಾಂ. ಈಗ ಶೇ. 40ರ ವಿಸ್ಕಿಯನ್ನು 60 ಮಿ.ಲೀ. ಅಳೆಯಿರಿ. 19 ಗ್ರಾಂ.

ಇನ್ನೊಮ್ಮೆ ಓದಿ. ಒಂದು ಸ್ಟ್ರಾಂಗ್ ಬಿಯರ್ ಅಂದರೆ ಎರಡು ದೊಡ್ಡ ಪೆಗ್‌ಗಿಂತ ಸ್ವಲ್ಪ ಹೆಚ್ಚೇ. ‘ಹಾಟ್ ಮುಟ್ಟಲ್ಲ’ ಎನ್ನುವವರು ದಿನಾ ಸಂಜೆ ಎರಡು ಲಾರ್ಜ್ ಇಳಿಸುತ್ತಿದ್ದಾರೆ. ನೀರು ಸೇರಿಸಿದವರು ಬೇರೆ, ಅಷ್ಟೆ.

ಹಾಗಾದರೆ ದಿನಕ್ಕೊಂದು ಬಾಟಲಿ? ಮೈಲ್ಡ್ ಆದರೆ ವಾರಕ್ಕೆ 182 ಗ್ರಾಂ, ಸ್ಟ್ರಾಂಗ್ ಆದರೆ 287 ಗ್ರಾಂ. ಎರಡೂ ಮಿತಿಯ ಆಚೆಗಿವೆ, ಎರಡನೆಯದಂತೂ ಎರಡೂವರೆ ಪಟ್ಟು. ಪ್ರಶ್ನೆಗೆ ಉತ್ತರ ಇಷ್ಟೇ: ಹೌದು, ಇದು ಜಾಸ್ತಿ. 112 ಗ್ರಾಂ ಒಳಗೆ ಇರಬೇಕು ಅಂದರೆ ಇಡೀ ವಾರಕ್ಕೆ ಮೈಲ್ಡ್ ನಾಲ್ಕು ಬಾಟಲಿ, ಸ್ಟ್ರಾಂಗ್ ಆದರೆ ಎರಡೂವರೆ. ಅದನ್ನೂ ಒಂದೇ ರಾತ್ರಿ ಮುಗಿಸುವಂತಿಲ್ಲ. ‘ವಾರವಿಡೀ ಮುಟ್ಟಲ್ಲ ಸಾರ್, ಶನಿವಾರ ಮಾತ್ರ’ ಎನ್ನುವವರಿಗೆ ಬೇರೆ ಲೆಕ್ಕ ಇದೆ. ಎರಡು ಗಂಟೆಯೊಳಗೆ ಗಂಡಸರು ಸುಮಾರು 70 ಗ್ರಾಂ, ಹೆಂಗಸರು 56 ಗ್ರಾಂ ಇಳಿಸಿದರೆ ಅಮೆರಿಕದ ಆರೋಗ್ಯ ಇಲಾಖೆಯವರು ಅದನ್ನು ಮಿತಿಮೀರಿದ ಕುಡಿತ ಎಂದೇ ಕರೆಯುತ್ತಾರೆ. ಎರಡು ಸ್ಟ್ರಾಂಗ್ ಅಂದರೆ 82. ಗರ್ಭಿಣಿಯರಿಗೆ, ಲಿವರ್ ತೊಂದರೆ ಇರುವವರಿಗೆ, ಗಾಡಿ ಓಡಿಸಬೇಕಾದವರಿಗೆ ಮಿತಿ ಸೊನ್ನೆ. ಇದರಲ್ಲಿ ಚರ್ಚೆ ಇಲ್ಲ.

ಇನ್ನು ಆ ‘ಕಿಡ್ನಿಗೂ ಒಳ್ಳೇದು ಅಂತಾರೆ’.

ಯಾರು ಅಂತಾರೆ? ಎಲ್ಲರೂ ಅಂತಾರೆ. ಡಿಗ್ರಿ ಓದಿದವರೂ ಅಂತಾರೆ. ಬಿಯರ್ ಕುಡಿದರೆ ಜಾಸ್ತಿ ಮೂತ್ರ ಬರುತ್ತೆ, ಮೂತ್ರದ ರಭಸಕ್ಕೆ ಕಲ್ಲು ಕೊಚ್ಚಿಕೊಂಡು ಹೋಗುತ್ತೆ ಎಂಬುದು ಇವರ ವಾದ. ಕೇಳೋಕೆ ಸರಿಯಾಗೇ ಇದೆ, ಚರಂಡಿಗೆ ಪೈಪ್ ಬಿಟ್ಟ ಹಾಗೆ. ಆದರೆ ಕಿಡ್ನಿ ಚರಂಡಿ ಅಲ್ಲ.

ಬಿಯರ್ ಕುಡಿದರೆ ಮೂತ್ರ ಯಾಕೆ ಜಾಸ್ತಿ ಬರುತ್ತದೆ, ಅಲ್ಲಿಂದ ಹಿಡಿಯೋಣ. ಮಿದುಳಿನಿಂದ ವಾಸೋಪ್ರೆಸಿನ್ ಎಂಬ ಹಾರ್ಮೋನ್ ಹೊರಡುತ್ತದೆ. ‘ನೀರು ಪೋಲು ಮಾಡಬೇಡ, ವಾಪಸ್ ಎಳೆದುಕೋ’ ಎಂದು ಕಿಡ್ನಿಗೆ ಹೇಳುವುದು ಅದರ ಕೆಲಸ. ಆಲ್ಕೋಹಾಲ್ ಬಂದು ಆ ಹಾರ್ಮೋನಿನ ಬಾಯಿ ಮುಚ್ಚಿಸುತ್ತದೆ. ಹೇಳುವವರಿಲ್ಲ, ಕಿಡ್ನಿ ನೀರು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಆಲ್ಕೋಹಾಲ್‌ಗೆ ಸುಮಾರು 10 ಮಿ.ಲೀ. ಹೆಚ್ಚುವರಿ ಮೂತ್ರ ಎಂಬುದು ಹಳೆಯ ಪ್ರಯೋಗಗಳಿಂದ ಬಂದ ಲೆಕ್ಕ. ಒಂದು ಸ್ಟ್ರಾಂಗ್ ಬಾಟಲಿಗೆ ಹಾಕಿ ನೋಡಿ. 650 ಒಳಗೆ ಹೋಯಿತು, ಅದು ಹೊರಬರುವುದರ ಜೊತೆಗೆ ಇನ್ನೂ 400 ಮಿ.ಲೀ. ಸಾಲದ ರೂಪದಲ್ಲಿ ಹೊರಗೆ ಬಂತು. ಆ ನೀರು ಬಿಯರಿನದ್ದಲ್ಲ, ನಿಮ್ಮದೇ. ಅದಕ್ಕೇ ಮರುದಿನ ಬೆಳಗ್ಗೆ ಬಾಯಿ ಒಣಗಿರುತ್ತದೆ. ಕಲ್ಲು ಕಟ್ಟುವುದು ಮೂತ್ರ ಗಟ್ಟಿಯಾದಾಗ ಎಂದು ಎಲ್ಲರಿಗೂ ಗೊತ್ತು. ಇಷ್ಟು ಗೊತ್ತಿದ್ದೂ ಎರಡನ್ನೂ ಕೂಡಿಸಿ ನೋಡುವವರಿಲ್ಲ.

ಎರಡನೆಯದು, ರಭಸ. ಕಿಡ್ನಿಯಿಂದ ಮೂತ್ರಚೀಲಕ್ಕೆ ಬರುವ ನಾಳ ಮೂರು ನಾಲ್ಕು ಮಿ.ಮೀ. ಅಗಲದ್ದು. ಕಲ್ಲು ಅಲ್ಲಿ ಸಿಕ್ಕಿಕೊಂಡಾಗಲೇ ಆ ಜೀವ ಹಿಂಡುವ ನೋವು. ಕಲ್ಲಿನ ಹಿಂದೆ ಮೂತ್ರ ನಿಂತು ಒತ್ತಡ ಏರುವುದರಿಂದಲೇ ಆ ನೋವು ಬರುವುದು. ಅಂಥ ಹೊತ್ತಿನಲ್ಲಿ ಇನ್ನೂ ಎರಡು ಬಾಟಲಿ ಸುರಿದರೆ ಒತ್ತಡ ಏನಾಗಬೇಕು, ನೀವೇ ಯೋಚಿಸಿ. ಮೇಲಿಂದ ನೋವಿನ ಮಾತ್ರೆ ಬೇರೆ ನುಂಗಿರುತ್ತಾರೆ. ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಹೆಚ್ಚು. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಅದೇ ಮಾತ್ರೆಯಿಂದ ಕಿಡ್ನಿಗೂ ಪೆಟ್ಟು.

‘ಆದರೆ ನನ್ನ ಭಾವನಿಗೆ ಹೋಯ್ತಲ್ಲ ಸಾರ್!’ ಹೋಗಿರುತ್ತದೆ. ಐದು ಮಿ.ಮೀ.ಗಿಂತ ಸಣ್ಣ ಕಲ್ಲುಗಳಲ್ಲಿ ಮೂರನೇ ಎರಡು ಪಾಲು ತಾವಾಗಿಯೇ ಹೊರಬೀಳುತ್ತವೆ. ಬಿಯರ್ ಕುಡಿದರೂ ಹೋಗುತ್ತವೆ, ಸುಮ್ನೆ ಕೂತಿದ್ದರೂ ಹೋಗುತ್ತವೆ. ನನ್ನ ಗೆಳೆಯನೊಬ್ಬನಿಗೆ ನಾಲ್ಕು ಮಿ.ಮೀ. ಕಲ್ಲಿತ್ತು. ಡಾಕ್ಟರು ನಾಳ ಸಡಿಲಿಸುವ ಮಾತ್ರೆ ಕೊಟ್ಟರು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂದರು. ಹನ್ನೆರಡು ದಿನ ಅದನ್ನು ಶಿಸ್ತಾಗಿ ಮಾಡಿದ. ಹದಿಮೂರನೇ ದಿನ ಯಾರೋ ಹೇಳಿದರೆಂದು ಬಿಯರ್ ಕುಡಿದ. ಹದಿನಾಲ್ಕನೇ ದಿನ ಕಲ್ಲು ಬಿತ್ತು. ಇವತ್ತಿಗೂ ಅವನು ಹೇಳುವುದು ಹದಿಮೂರನೇ ದಿನದ ಕಥೆ ಮಾತ್ರ. ಉತ್ತವನು ಯಾರೋ, ಬಿತ್ತಿದವನು ಯಾರೋ, ಕಣದಲ್ಲಿ ಬಂದು ಕೂತವನು ಬಿಯರ್.

ಇಷ್ಟು ಹೇಳಿದ ಮೇಲೆ ಸ್ವಲ್ಪ ಓದಿಕೊಂಡವರು ಕೊನೆಯ ಬಾಣ ತೆಗೆಯುತ್ತಾರೆ: ‘ಸ್ಟಡಿ ಇದೆ ಸಾರ್.’ ಇದೆ. ನಾನೇ ಹೇಳುತ್ತೇನೆ. ಅಮೆರಿಕದಲ್ಲಿ ಸುಮಾರು 45 ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ದಿನಾ ಕುಡಿಯುವ ಪ್ರತಿ 240 ಮಿ.ಲೀ. ಬಿಯರಿಗೆ ಕಲ್ಲು ಕಟ್ಟುವ ಸಂಭವ ಶೇ. 21ರಷ್ಟು ಕಡಿಮೆ ಕಂಡಿತು. ಇಷ್ಟು ಓದಿ ಪುಸ್ತಕ ಮುಚ್ಚಿದರು. ಮುಚ್ಚದಿದ್ದರೆ ಇನ್ನೂ ಕೆಲವು ಸಂಗತಿ ಸಿಗುತ್ತಿತ್ತು. 240 ಮಿ.ಲೀ. ಅಂದರೆ ಒಂದು ಗ್ಲಾಸು, ಮೂರು ಬಾಟಲಿ ಅಲ್ಲ. ಅದು ಹೊಸ ಕಲ್ಲು ಕಟ್ಟುವುದರ ಲೆಕ್ಕ, ಇರುವ ಕಲ್ಲನ್ನು ತೊಳೆಯುವುದಲ್ಲ. ಅದೇ ಪಟ್ಟಿಯಲ್ಲಿ ಟೀಗೆ ಶೇ. 14, ಕಾಫಿಗೆ ಶೇ. 10 ಕಡಿಮೆ ಎಂದೂ ಇದೆ. ‘ಕಲ್ಲಿದೆ, ಟೀ ಕುಡಿಯಲೇಬೇಕು’ ಎಂದು ಹೆಂಡತಿ ಹತ್ತಿರ ವಾದ ಮಾಡಿದ ಗಂಡಸನ್ನು ನಾನಂತೂ ಇನ್ನೂ ನೋಡಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸಂಶೋಧಕರು ಅದೇ ಗಂಡಸರ ಗುಂಪನ್ನು ಬಿಡಲಿಲ್ಲ, ಹನ್ನೆರಡು ವರ್ಷ ಹಿಂಬಾಲಿಸಿದರು. 2004ರಲ್ಲಿ ಬಂದ ಫಲಿತಾಂಶದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಬಿಯರ್ (ಒಂದೊಂದು ಸುಮಾರು 350 ಮಿ.ಲೀ.) ಕುಡಿಯುವವರಿಗೆ ಗೌಟ್ ಬರುವ ಸಂಭವ ಎರಡೂವರೆ ಪಟ್ಟು. ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಕಿರುಚುವ ಹಾಗೆ ಮಾಡುತ್ತದಲ್ಲ, ಅದೇ ಗೌಟ್. ಅದು ಯೂರಿಕ್ ಆಸಿಡ್ ಕಾಟ. ಬಿಯರಿನಲ್ಲಿ ಯೀಸ್ಟ್‌ನಿಂದ ಬಂದ ಪ್ಯೂರಿನ್ ಇರುತ್ತದೆ, ದೇಹ ಅದನ್ನು ಒಡೆದರೆ ಸಿಗುವುದು ಯೂರಿಕ್ ಆಸಿಡ್. ಆಲ್ಕೋಹಾಲ್ ತಾನೂ ಯೂರಿಕ್ ಆಸಿಡ್ ಹೆಚ್ಚಿಸಿ, ಅದು ಹೊರಹೋಗದಂತೆ ತಡೆಯುತ್ತದೆ. ಹಾಗೆ ಉಳಿದದ್ದು ಗಂಟಿನಲ್ಲಿ ಕೂತರೆ ಗೌಟ್. ಇನ್ನು ಮೂತ್ರದಲ್ಲಿ ಹರಳಾದರೆ? ಕಿಡ್ನಿ ಕಲ್ಲು! ಹತ್ತರಲ್ಲಿ ಒಂದು ಕಲ್ಲು ಈ ಜಾತಿಯದ್ದು. ಕಲ್ಲಿಗೆ ಮದ್ದು ಎಂದು ಕುಡಿದದ್ದೇ ಕಲ್ಲಿನ ಕಚ್ಚಾ ಸಾಮಾನು.

ಕಲ್ಲು ತಡೆಯಲು ನಿಜವಾಗಿ ಕೆಲಸ ಮಾಡುವುದು ಏನೆಂದು ಕೇಳಿದರೆ ಜನರಿಗೆ ನಿರಾಸೆಯಾಗುತ್ತದೆ. ನೀರು. 1996ರಲ್ಲೇ ಇಟಲಿಯ ವೈದ್ಯರು ಮೊದಲ ಸಲ ಕಲ್ಲಾದವರನ್ನು ಎರಡು ಗುಂಪು ಮಾಡಿ ಐದು ವರ್ಷ ನೋಡಿದರು. ಹೆಚ್ಚು ನೀರು ಕುಡಿದ ಗುಂಪಿನಲ್ಲಿ ನೂರಕ್ಕೆ 12 ಜನಕ್ಕೆ ಮತ್ತೆ ಕಲ್ಲಾಯಿತು, ಇನ್ನೊಂದರಲ್ಲಿ 27 ಜನಕ್ಕೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಿರಿ ಎಂಬುದು ಈಗಿನ ಸಲಹೆ. ಬಾಟಲಿ ಇಲ್ಲ, ನೊರೆ ಇಲ್ಲ, ಕಥೆ ಹೇಳಲು ಏನೂ ಇಲ್ಲ. ಅದಕ್ಕೇ ನೀರಿನ ಹೆಸರು ಯಾರೂ ಎತ್ತಲ್ಲ.

‘ಹಾಗಾದರೆ ಆಲ್ಕೋಹಾಲ್ ಇಲ್ಲದ ಬಿಯರ್?’ ಸೊನ್ನೆ ಶೇಕಡಾ ಎಂದಿದ್ದರೆ ಮೇಲಿನ ಗ್ರಾಂ ಲೆಕ್ಕದಿಂದ ಪಾರು. ಪ್ಯೂರಿನ್ ಮಾತ್ರ ಅದರಲ್ಲೂ ಇರುತ್ತದೆ. ಗೌಟ್ ಇದ್ದವರು ಅದನ್ನೂ ನೋಡಿಕೊಂಡೇ ಕುಡಿಯಬೇಕು.

ಕೊನೆಗೆ ಯಾರೂ ಕೇಳದ ಒಂದು ಪ್ರಶ್ನೆ. ಕೇಳುವುದಿಲ್ಲ, ಯಾಕಂದರೆ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ: ‘ನಾಲ್ಕು ಬಾಟಲಿ ಹಾಕಿದರೂ ನಾನು ತೂರಾಡಲ್ಲ.’ ಇದನ್ನು ಲಿವರ್ ಗಟ್ಟಿ ಇರುವ ಗುರುತು ಎಂದುಕೊಂಡಿದ್ದಾರೆ. ತೂರಾಡುವುದು, ಬಿಡುವುದು ಮಿದುಳಿಗೆ ಬಿಟ್ಟ ವಿಷಯ. ದಿನಾ ಆಲ್ಕೋಹಾಲ್ ಬಂದರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಲಿವರ್ ಮಾತ್ರ ಬಂದ ಪ್ರತಿ ಗ್ರಾಮನ್ನೂ ಒಡೆಯಲೇಬೇಕು. ಗಂಟೆಗೆ ಏಳರಿಂದ ಹತ್ತು ಗ್ರಾಂ, ಸಾಮಾನ್ಯವಾಗಿ ಅಷ್ಟೇ ಅದರ ಕೈಲಾಗುವುದು. ರಾತ್ರಿ 11ಕ್ಕೆ ಎರಡು ಸ್ಟ್ರಾಂಗ್ ಮುಗಿಸಿದವರ ರಕ್ತದಲ್ಲಿ ಬೆಳಗ್ಗೆ 6ಕ್ಕೂ ಆಲ್ಕೋಹಾಲ್ ಇರುತ್ತದೆ, ಸ್ನಾನ ಮಾಡಿ ಕಾಫಿ ಕುಡಿದರೂ ಇರುತ್ತದೆ. ಒಡೆಯುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಕ್ಯಾನ್ಸರ್ ಮಾತು ಬರುವುದು ಅಲ್ಲಿಂದ. ಲಿವರ್ ಒಳಗೆ ನೋವಿನ ನರಗಳಿಲ್ಲ, ಹಾಗಾಗಿ ಕೊಬ್ಬು ತುಂಬಿಕೊಂಡರೂ ಸದ್ದು ಮಾಡುವುದಿಲ್ಲ. ಒಂದು ಸಮಾಧಾನ ಇದೆ. ಈ ಹಂತದಲ್ಲಿ ಪೂರ್ತಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಆ ಕೊಬ್ಬು ಇಳಿಯತೊಡಗುತ್ತದೆ. ಲಿವರ್ ಕಲೆಗಟ್ಟಿ ಗಡುಸಾಗುವ ಸಿರೋಸಿಸ್ ತನಕ ಹೋದ ಮೇಲೆ ಹಾಗೆ ಹೇಳಲು ಬರುವುದಿಲ್ಲ.

ನಿಲ್ಲಿಸುವ ಮಾತು ಬಂತಲ್ಲ, ಒಂದು ಎಚ್ಚರ. ವಾರಕ್ಕೆರಡು ಬಾಟಲಿಯವರು ನಾಳೆಯೇ ನಿಲ್ಲಿಸಬಹುದು, ಏನೂ ಆಗುವುದಿಲ್ಲ. ಆದರೆ ದಿನಾ ಮೂರು ನಾಲ್ಕು ಸ್ಟ್ರಾಂಗ್ ಕುಡಿಯುವವರು, ಬೆಳಗ್ಗೆ ಎದ್ದಾಗ ಕೈ ನಡುಗುವವರು, ಒಂದು ಗುಟುಕು ಬಿದ್ದ ಮೇಲೇ ನಡುಕ ನಿಲ್ಲುವವರು, ಹಟಕ್ಕೆ ಬಿದ್ದು ಒಂದೇ ದಿನ ಬಿಡಬೇಡಿ. ಬಿಟ್ಟ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರು ನಾಲ್ಕನೇ ದಿನ ಇಲ್ಲದ್ದು ಕಾಣಿಸಿ, ಮೈ ಬೆವೆತು, ಗೊಂದಲ ಶುರುವಾಗಬಹುದು. ಅದು ಪ್ರಾಣಕ್ಕೇ ಬರಬಹುದು. ‘ಬರೀ ಬಿಯರ್ ತಾನೇ’ ಎಂದು ಮನೆಯವರು ಇದನ್ನು ಜ್ವರ ಎಂದುಕೊಂಡು ಮಲಗಿಸಿಬಿಡುತ್ತಾರೆ. ಬಿಡುವ ಮೊದಲೇ ಡಾಕ್ಟರ ಹತ್ತಿರ ಹೋಗಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಎಂದು ಮುಚ್ಚಿಡದೆ ಹೇಳಿ. ಕೆಲವು ದಿನ ನಡುಕ ತಡೆಯುವ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ, ಜೊತೆಗೆ ವಿಟಮಿನ್ ಬಿ1 ಕೊಡುತ್ತಾರೆ. ಹಾಗೆ ಹೇಳುವಾಗ ಬಾಟಲಿ ಲೆಕ್ಕ ಬೇಡ. ಗ್ರಾಂ ಲೆಕ್ಕ ಹಾಕುವುದು ಹೇಗೆಂದು ಈಗ ಗೊತ್ತಲ್ಲ.