ಕಣ್ಣೊಳಗಿನ ಲೆನ್ಸಿಗೆ ಗೀರು ಬಿದ್ದರೆ

ಪೊರೆ ತೆಗೆದ ಕಣ್ಣಿಗೆ ಕೂರಿಸುವ ಮಡಚುವ ಲೆನ್ಸಿನ ನಡುಬಿಲ್ಲೆ ಸುಮಾರು 6 ಮಿ.ಮೀ. ಅಗಲ, ಅದನ್ನು ಕಣ್ಣೊಳಗೆ ಹಿಡಿದಿಡುವ ಎರಡು ತೋಳುಗಳೂ ಸೇರಿದರೆ 13 ಮಿ.ಮೀ. ಒಳಹೋಗುವ ದಾರಿಯೋ 2.2ರಿಂದ 2.8 ಮಿ.ಮೀ. ಅಷ್ಟೇ. ಲೆನ್ಸನ್ನು ಒಳತಳ್ಳುವ ಕೊಳವೆಯಾದ ಕಾರ್ಟ್ರಿಡ್ಜಿನ ಕಿರಿದಾದ ಮೂತಿಯಲ್ಲಿ ಸುರುಳಿಯಾಗಿ ನುಗ್ಗುವಾಗಲೇ ಹೆಚ್ಚಿನ ಹಾನಿ ಆಗುವುದು. ಜಾರಲೆಂದು ತುಂಬುವ ಜೆಲ್ ಕಡಿಮೆಯಾದರೆ ಲೆನ್ಸ್ ಒಳಗೋಡೆಗೆ ಉಜ್ಜುತ್ತದೆ. ತಣ್ಣಗಿರುವ ಅಕ್ರಿಲಿಕ್ ಬಿರುಸಾಗಿ, ಮಡಚಿದಲ್ಲಿ ಗುರುತು ಬೀಳುತ್ತದೆ. ಹಿಂದಿನಿಂದ ತಳ್ಳುವ ಕಡ್ಡಿ, ಅಂದರೆ ಪ್ಲಂಜರ್, ಬಿಲ್ಲೆಯ ಮೇಲೇರಿದರೆ ಗೀರು. ಹಿಂದಿನ ತೋಳು ಪ್ಲಂಜರಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡರೆ ತೋಳೇ ಕಿತ್ತುಬರಬಹುದು.

ಇಷ್ಟಾದರೂ ಗೀರು ರೋಗಿಗೆ ಗೆರೆಯಾಗಿ ಕಾಣುವುದಿಲ್ಲ. ಲೆನ್ಸ್ ಇರುವುದು ಪಾಪೆಯ ಬೆನ್ನಿಗೆ, ಅಕ್ಷಿಪಟಲದಿಂದ ದೂರ. ಗೀರಿನ ಬಿಂಬ ಅಲ್ಲಿ ಸ್ಫುಟವಾಗಿ ಮೂಡದು. ಗೀರು ಮಾಡುವುದು ಬೆಳಕನ್ನು ಚದುರಿಸುವುದು. ಹಾಗಾಗಿ ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ಓದುವವರು, ರಾತ್ರಿ ಎದುರಿಂದ ಬರುವ ಹೆಡ್‌ಲೈಟಿಗೆ ಕಣ್ಣು ಕೋರೈಸುತ್ತದೆ ಎನ್ನಬಹುದು. ಅಂಚಿನ ಗೀರನ್ನು ಹಗಲಿನಲ್ಲಿ ಪಾಪೆಯೇ ಮರೆಮಾಡುತ್ತದೆ. ಕತ್ತಲಲ್ಲಿ ಪಾಪೆ ಅರಳಿದಾಗ ಅದು ಬೆಳಕಿನ ದಾರಿಗೆ ಬರುತ್ತದೆ. ಅಂಚಿನ ಸಣ್ಣ ಗೀರಿಗೆ ಲೆನ್ಸ್ ಬದಲಿಸುವುದು ಸಾಮಾನ್ಯವಾಗಿ ಅನಗತ್ಯ. ನಟ್ಟನಡುವೆ ಆಳವಾಗಿ ಬಿರಿದಿದ್ದರೆ ಮಾತು ಬೇರೆ.

ತೋಳಿನ ಹಾನಿ ಬಿಲ್ಲೆಯ ಗೀರಿಗಿಂತ ಮೋಸದ್ದು. ಒಂದು ತೋಳು ಮುರಿದ ಲೆನ್ಸ್ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸರಿಯಾಗಿ ಕೂತಂತೆ ಕಂಡರೂ, ಲೆನ್ಸನ್ನು ಹೊತ್ತ ಕಣ್ಣಿನದೇ ತೆಳು ಚೀಲ ಸುತ್ತಲಿಂದ ಕುಗ್ಗುತ್ತಾ ಬಂದಂತೆ ವಾರಗಳಲ್ಲಿ ಪಕ್ಕಕ್ಕೆ ಸರಿಯಬಹುದು, ವಾಲಬಹುದು. ಸಿಲಿಂಡರ್ ಪವರ್ (ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದ ದೋಷ) ತಿದ್ದುವ ಟೋರಿಕ್ ಲೆನ್ಸಾದರೆ ಸ್ವಲ್ಪ ತಿರುಗಿದರೂ ನಷ್ಟವೇ: ಪ್ರತಿ ಡಿಗ್ರಿಗೂ ತಿದ್ದುಪಡಿಯ ಸುಮಾರು ಶೇ. 3ರಷ್ಟು ಹೋಗುತ್ತದೆ.

ಹಾನಿಯಾದ ಲೆನ್ಸನ್ನು ತೆಗೆಯಲೇಬೇಕಾದರೆ ಅದೇ ಶಸ್ತ್ರಚಿಕಿತ್ಸೆಯಲ್ಲೇ ತೆಗೆಯುವುದು ಸುಲಭ. ಚೀಲ ಇನ್ನೂ ಅಂಟಿರುವುದಿಲ್ಲ. ಲೆನ್ಸಿನ ಮೇಲೂ ಕೆಳಗೂ ಜೆಲ್ ತುಂಬಿ, ಅದನ್ನು ಚೀಲದಿಂದ ಮುಂದಕ್ಕೆ ತಂದು, ಕತ್ತರಿಯಿಂದ ಎರಡು ಹೋಳು ಮಾಡಿ ಅದೇ ಗಾಯದಿಂದ ಎಳೆಯುತ್ತಾರೆ. ಕಾರ್ನಿಯಾದ ಒಳಪದರದ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಅವನ್ನು ಕಾಯುವ ಜೆಲ್ ಬಳಸುವಲ್ಲಿ ಇಲ್ಲಿ ಜಿಪುಣತನ ಮಾಡಬಾರದು. ಅದೇ ಪವರಿನ ಇನ್ನೊಂದು ಲೆನ್ಸ್ ಕೈಗೆಟಕುವಂತಿರಲಿ.

ಇನ್ನೊಂದು ಎಚ್ಚರ. ತಿಂಗಳುಗಳ ನಂತರ ಚೀಲದ ಹಿಂಗೋಡೆ ಮಬ್ಬಾದಾಗ ಯಾಗ್ ಲೇಸರಿನಿಂದ ಅದನ್ನು ತೆರೆಯುವುದುಂಟು. ಗುರಿ ಮುಂದಾದರೆ ಲೇಸರೇ ಲೆನ್ಸಿನಲ್ಲಿ ಗುಳಿ ತೋಡುತ್ತದೆ. ಜೊತೆಗೆ, ಕೋರೈಸುವ ದೂರು ಗೀರಿನದೋ ಮಬ್ಬಿನದೋ ತೀರ್ಮಾನವಾಗುವ ಮುನ್ನ ಲೇಸರ್ ಹೊಡೆಯಬಾರದು: ಹಿಂಗೋಡೆ ತೆರೆದ ಮೇಲೆ ಲೆನ್ಸ್ ಬದಲಿಸಹೊರಟರೆ ಕಣ್ಣಿನ ಹಿಂಭಾಗ ತುಂಬಿರುವ ಲೋಳೆಯಂಥ ಗಾಜುದ್ರವ ಮುಂದಕ್ಕೆ ನುಗ್ಗಬಹುದು.